ಅಮೆರಿಕದ ಹೊಸ ಹಂಚಿಕೆ

ಇಸ್ಪೀಟಿನಲ್ಲಿ ಒಂದು ಆಟ ಮುಗಿದ ಮೇಲೆ ಎಲೆಗಳನ್ನೆಲ್ಲ ಒಟ್ಟುಗೂಡಿಸಿ, ಕಲಸಿ, ಆಟಗಾರರಿಗೆ ಮತ್ತೆ ಹಂಚುವುದುಂಟು. ಹಿಂದಿನ ಆಟದಲ್ಲಿ ಸೋತವನ ಕೈಗೂ ಆಗ ಹೊಸ ಎಲೆಗಳು ಬರುವುವು. ಅವನ ಆಶೆ ಮತ್ತೆ ಚಿಗುರುವುದು. ಇಂಗ್ಲಿಷಿನಲ್ಲಿ ಇದಕ್ಕೆ ‘ನ್ಯೂ ಡೀಲ್’ ಎಂದು ಹೆಸರು. ೧೯೩೨ನೆಯ ಇಸವಿ ಜುಲೈ ೨ರಂದು ಷಿಕಾಗೋ ನಗರದಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟರು, ಅಧ್ಯಕ್ಷಪದವಿಗೆ ತಮ್ಮ ಪಕ್ಷದವರು ಮಾಡಿದ ನಾಮಕರಣವನ್ನು ಒಪ್ಪಿಕೊಂಡು ಮಾತನಾಡುತ್ತ, ಅಮೆರಿಕದ ಜನಕ್ಕೆ ಇಂಥದೊಂದು ಹೊಸ ಹಂಚಿಕೆಯ ವಚನವನ್ನು ಕೊಟ್ಟರು. ಕನ್ನಡದಲ್ಲಿ ಹಂಚಿಕೆ ಎಂಬ ಮಾತಿಗೆ ಎರಡು ಅರ್ಥ: ಪಾಲುಮಾಡಿ ಕೊಡುವುದು ಒಂದು, ಉಪಾಯ ಹೂಡುವುದು ಇನ್ನೊಂದು. ರೂಸ್‌ವೆಲ್ಟರ ಕಾರ್ಯಕ್ರಮದಲ್ಲಿ ಈ ಎರಡೂ ಇದ್ದುವು. ಉಪಾಯವು ಎಷ್ಟರಮಟ್ಟಿಗೆ ಫಲಿಸಿತು, ಪಾಲು ಯಾರಿಗೆ ದೊರೆಯಿತು, ಯಾರಿಗೆ ತಪ್ಪಿತು ಎಂಬುದನ್ನು ನಾವು ಇಲ್ಲಿ ವಿಚಾರಮಾಡೋಣ.

ಮೊದಲು ರೋಗದ ಸ್ವರೂಪವನ್ನು ತಿಳಿಯಬೇಕು. ೧೯೨೯ನೆಯ ಇಸವಿ ಅಕ್ಟೋಬರ್ ತಿಂಗಳಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿಯಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಹತ್ತು ರೂಪಾಯಿ ಬಾಳುತ್ತಿದ್ದ ಷೇರು ೧೯೩೨ರ ಜುಲೈ ಹೊತ್ತಿಗೆ ಸರಾಸರಿಯಲ್ಲಿ ಒಂದು ರೂಪಾಯಿಗಿಂತ ತುಸು ಹೆಚ್ಚು ಬಾಳಿತೆಂದರೆ ಕುಸಿತದ ಆಳವು ಮನಸ್ಸಿಗೆ ಬಂದೀತು. ಆದರೆ ಷೇರುಪೇಟೆಯ ಪತನವೇ ಮುಗ್ಗಟ್ಟಲ್ಲ. ಅದು ಮುಗ್ಗಟ್ಟಿನ ಮುನ್ಸೂಚನೆ. ನಿಜವಾದ ಕೇಡು ಮುಂದಿನ ಮೂರು ವರ್ಷಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬಂದಿತು. ಬೆಲೆ ಇಳಿಯುವುದೆಂದು ಕೊಳ್ಳುವವನು ಕಾದನು. ಕೊಳ್ಳುವವರಿಲ್ಲವೆಂದು ಕಾರ್ಖಾನೆಯವನು ಕೆಲಸಗಾರರನ್ನು ಬಿಡಿಸಿದನು. ಕೆಲಸ ಕಳೆದುಕೊಂಡವನು ಅಂಗಡಿಗೆ ಹೋಗುವುದನ್ನು ನಿಲ್ಲಿಸಿದನು. ಅಂಗಡಿಯವನು ಬ್ಯಾಂಕಿನ ಸಾಲವನ್ನು ತೀರಿಸಲಾರದೆ ಹೋದನು. ಸಾಲ ಬಾರದೆ ಬ್ಯಾಂಕು ಬಾಗಿಲು ಹಾಕಿತು. ಒಬ್ಬೊಬ್ಬರೂ ತಮ್ಮ ಮಟ್ಟಿಗೆ ಎಚ್ಚರಿಕೆಯಿಂದಲೇ ನಡೆದುಕೊಂಡರು. ಎಲ್ಲರ ಎಚ್ಚರಿಕೆಯೂ ಕೂಡಿ ಎಲ್ಲರಿಗೂ ಅನರ್ಥವಾಯಿತು. ಹತ್ತಿಯ ಬೆಲೆ ೧೯೨೯ರಲ್ಲಿ ಪೌಂಡಿಗೆ ಸುಮಾರು ೧೭ ಸೆಂಟು ಇದ್ದುದು ೧೯೩೨ರಲ್ಲಿ ೭ ಸೆಂಟಿಗೂ ಕಡಮೆಯಾಯಿತು. ೧೯೩೦ರಿಂದ ೧೯೩೩ರವರೆಗೆ ಸುಮಾರು ೯,೦೦೦ ಬ್ಯಾಂಕುಗಳು ಮುಳುಗಿದುವು. ೧೯೩೩ರಲ್ಲಿ ದುಡಿಯಬಲ್ಲ ನಾಲ್ವರಲ್ಲಿ ಒಬ್ಬನಿಗೆ, ಎಂದರೆ ಸುಮಾರು ೧ ಕೋಟಿ ೨೮ ಲಕ್ಷ ಜನಕ್ಕೆ, ಕೆಲಸವಿರಲಿಲ್ಲ.

ಅಂದು ಅಧ್ಯಕ್ಷರಾಗಿದ್ದ ಹರ್ಬರ್ಟ್ ಹೂವರರು ಕೈಕಟ್ಟಿ ಕುಳಿತಿದ್ದರೆಂದು ಹೇಳುವುದು ನ್ಯಾಯವಲ್ಲ. ಬ್ಯಾಂಕುಗಳಿಗೂ ರೈಲ್ವೆಗಳಿಗೂ ಸಾಲ ಕೊಡುವುದಕ್ಕಾಗಿ ಅವರು ೧೯೩೨ರಲ್ಲಿ ಒಂದು ದೊಡ್ಡ ಸಂಸ್ಥೆಯನ್ನು ಏರ್ಪಡಿಸಿದರು. ಆದರೆ ಹಸಿದವನಿಗೆ ಅನ್ನವಿಡುವ ಭಾರವು ಊರಿನವರದು, ಧರ್ಮಸಂಸ್ಥೆಗಳದು, ಬಹಳವೆಂದರೆ ಆಯಾ ಪ್ರಾಂತದ್ದು. ಕೇಂದ್ರ ಸರ್ಕಾರವೇ ನೇರವಾಗಿ ಕೈನೀಡಿದರೆ ಜನರ ಸ್ವಾವಲಂಬನೆ ಕೆಡುವುದು ಎಂಬ ನಂಬಿಕೆ ಅವರಲ್ಲಿ ಬೇರೂರಿತ್ತು. ಅದು ಅವರೊಬ್ಬರ ನಂಬಿಕೆಯೂ ಅಲ್ಲ. ದುಡಿಯುವವನಿಗೆ ಬಡತನವಿಲ್ಲ, ಬಡವನಾದವನು ಸೋಮಾರಿಯೋ ದುಂದುಗಾರನೋ ಆಗಿರಬೇಕು ಎಂಬುದು ಅಲ್ಲಿನ ಜನಸಾಮಾನ್ಯರ ಮನಸ್ಸಿನಲ್ಲಿ ಹಲವು ತಲೆಮಾರುಗಳಿಂದ ನಿಂತಿದ್ದ ಮಾತು. ಆದುದರಿಂದ ಕೆಲಸ ಹೋದವನು ಹಸಿವಿನಿಂದ ಮಾತ್ರವಲ್ಲದೆ ನಾಚಿಕೆಯಿಂದಲೂ ಬೆಂದನು. ನಗರಗಳ ಬೀದಿಗಳಲ್ಲಿ ಒಂದು ಬಟ್ಟಲು ಸಾರಿಗೂ ರೊಟ್ಟಿಯ ತುಂಡಿಗೂ ಸಾಲುಗಟ್ಟಿ ನಿಂತವರಲ್ಲಿ ಅನೇಕರು ನಿನ್ನೆಯವರೆಗೆ ಮರ್ಯಾದೆಯಿಂದ ಸಂಸಾರ ನಡೆಸಿದವರು.

ರೂಸ್‌ವೆಲ್ಟರು ೧೯೩೩ನೆಯ ಇಸವಿ ಮಾರ್ಚಿ ೪ರಂದು ಅಧಿಕಾರ ವಹಿಸಿಕೊಂಡ ಹೊತ್ತಿಗೆ ಬಹುತೇಕ ಪ್ರಾಂತಗಳಲ್ಲಿ ಬ್ಯಾಂಕುಗಳು ಮುಚ್ಚಿದ್ದುವು, ಇಲ್ಲವೇ ಅವುಗಳ ವ್ಯವಹಾರಕ್ಕೆ ಕಟ್ಟು ಬಿದ್ದಿತ್ತು. ಮಾರ್ಚಿ ೬ರಂದು ಅವರು ದೇಶದ ಬ್ಯಾಂಕುಗಳಿಗೆಲ್ಲ ರಜ ಸಾರಿದರು. ೯ರಂದು ಶಾಸನಸಭೆಯು ಒಂದೇ ದಿನದಲ್ಲಿ ಬ್ಯಾಂಕುಗಳ ಕಾಯಿದೆಯನ್ನು ಅಂಗೀಕರಿಸಿತು. ೧೨ನೆಯ ತಾರೀಖು ಭಾನುವಾರ ರಾತ್ರಿ ಅಧ್ಯಕ್ಷರು ರೇಡಿಯೋದಲ್ಲಿ ಮಾತನಾಡಿದರು. ಮೈಸೂರಿನಲ್ಲಿ ಆಕಾಶವಾಣಿಯ ಧ್ವನಿ ಮೊದಲು ಕೇಳಿಬಂದುದು ೧೯೩೫ರಲ್ಲಿ. ಅದಕ್ಕೆ ಎರಡು ವರ್ಷ ಹಿಂದೆಯೇ ಅಮೆರಿಕದಲ್ಲಿ ಒಂದು ರಾಷ್ಟ್ರದ ಭಯವನ್ನು ಇಳಿಸುವುದಕ್ಕೆ ಈ ಯಂತ್ರವು ಉಪಯೋಗವಾಯಿತೆಂಬುದು ರೇಡಿಯೋ ಕೇಳುವ ನಮಗೆ ಸ್ವಾರಸ್ಯವಾದ ಸಂಗತಿ. ಅಧ್ಯಕ್ಷರು ಭಾಷಣದ ಆಡಂಬರವನ್ನು ಬಿಟ್ಟು, ಬ್ಯಾಂಕು ಎಂದರೇನು, ನಾವು ಇಟ್ಟ ಹಣವನ್ನು ಅದು ಏನು ಮಾಡುವುದು, ಎಲ್ಲರೂ ಒಂದೇ ದಿನ ಬಂದು ಕೇಳಿದರೆ ಒಳ್ಳೆಯ ಬ್ಯಾಂಕೂ ಏಕೆ ಕೊಡಲಾರದು ಎಂಬುದನ್ನು ಮನೆಯ ಹಿರಿಯರು ತಿಳಿಯಹೇಳುವಂತೆ ಹೇಳಿದರು. ಮಾರನೆಯ ದಿನದಿಂದ ಬ್ಯಾಂಕುಗಳು ಒಂದೊಂದಾಗಿ ತೆರೆದಾಗ, ಹಣ ತೆಗೆಯುವುದಕ್ಕೆ ನಿಂತಿದ್ದ ಸಾಲುಗಳ ಬದಲು ಹಣ ಕಟ್ಟುವ ಸಾಲುಗಳು ಕಾಣಿಸಿದುವು. ಮನೆಯ ಮೂಲೆಗಳಲ್ಲಿ ಬಚ್ಚಿಟ್ಟಿದ್ದ ಹಣದಲ್ಲಿ ಸುಮಾರು ಅರ್ಧವು ಎರಡು ವಾರದೊಳಗೆ ಬ್ಯಾಂಕುಗಳಿಗೆ ಹಿಂದಿರುಗಿತು.

ಒಳ್ಳೆಯ ಮಾತಿನಿಂದ ಭಯ ಇಳಿದೀತು. ಅದು ಮತ್ತೆ ಏರದಂತೆ ಮಾಡುವುದಕ್ಕೆ ಕಾಯಿದೆ ಬೇಕು. ಆ ವರ್ಷದ ಜೂನಿನಲ್ಲಿ ಆದ ಶಾಸನದಿಂದ ಠೇವಣಿಗಳಿಗೆ ವಿಮೆ ಏರ್ಪಟ್ಟಿತು. ಬ್ಯಾಂಕು ಮುಳುಗಿದರೂ ಪ್ರತಿಯೊಬ್ಬ ಠೇವಣಿದಾರನಿಗೆ ೨,೫೦೦ ಡಾಲರಿನವರೆಗೆ ಹಣ ಸಿಕ್ಕುವುದೆಂಬ ಭರವಸೆ ೧೯೩೪ನೆಯ ಇಸವಿ ಜನವರಿಯಿಂದ ದೊರೆಯಿತು. ವಿನೋದವೇನೆಂದರೆ, ಈ ಏರ್ಪಾಡಿನಲ್ಲಿ ರೂಸ್‌ವೆಲ್ಟರಿಗೇ ಮೊದಲು ವಿಶ್ವಾಸವಿರಲಿಲ್ಲ. ದುರ್ಬಲವಾದ ಬ್ಯಾಂಕುಗಳ ತಪ್ಪಿಗೆ ಬಲವಾದ ಬ್ಯಾಂಕುಗಳು ದಂಡ ತೆರಬೇಕಾಗುವುದೆಂದು ಅವರು ಶಂಕಿಸಿದ್ದರು. ಫಲವನ್ನು ನೋಡಿರಿ: ೧೯೩೩ರಲ್ಲಿ ಸುಮಾರು ೪,೦೦೦ ಬ್ಯಾಂಕುಗಳು ಕೆಟ್ಟುವು, ೧೯೩೪ರಲ್ಲಿ ವಿಮೆಯುಳ್ಳ ಬ್ಯಾಂಕುಗಳ ಪೈಕಿ ಕೆಟ್ಟುವು ಒಂಬತ್ತೇ. ನಮ್ಮ ದೇಶದಲ್ಲಿಯೂ ೧೯೬೦ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕು ಮುಳುಗಿದ ತರುವಾಯ, ೧೯೬೨ರಲ್ಲಿ ೧,೫೦೦ ರೂಪಾಯಿಗಳ ಮಿತಿಯಿಂದ ಇಂಥ ವಿಮೆ ಆರಂಭವಾಯಿತು. ೨೦೨೦ರಲ್ಲಿ ಆ ಮಿತಿಯು ಐದು ಲಕ್ಷಕ್ಕೆ ಏರಿತು.

ಹೊಸ ಹಂಚಿಕೆಯ ಕೆಲಸಗಳನ್ನು ಪರಿಹಾರ, ಚೇತರಿಕೆ, ಸುಧಾರಣೆ ಎಂದು ಮೂರಾಗಿ ವಿಂಗಡಿಸುವುದು ವಾಡಿಕೆ. ಹಸಿದವನಿಗೆ ಇಂದು ಊಟ ಸಿಕ್ಕುವಂತೆ ಮಾಡುವುದು ಪರಿಹಾರ. ನಿಂತ ಕಾರ್ಖಾನೆಯನ್ನೂ ಬಿದ್ದ ಬೆಲೆಯನ್ನೂ ಎತ್ತುವುದು ಚೇತರಿಕೆ. ಇಂಥ ಕೇಡು ಮತ್ತೆ ಬಾರದಂತೆ, ಬಂದರೂ ಜನರನ್ನು ನೆಲಕ್ಕೆ ಕೆಡಹದಂತೆ ಕಟ್ಟುಮಾಡುವುದು ಸುಧಾರಣೆ.

ಪರಿಹಾರದ ಹೊಣೆ ಹ್ಯಾರಿ ಹಾಪ್ಕಿನ್ಸ್ ಎಂಬವರ ಮೇಲೆ ಬಿದ್ದಿತು. ಬಡವರ ಕೇರಿಗಳಲ್ಲಿ ಸಮಾಜಸೇವೆ ಮಾಡಿ ಅನುಭವವಿದ್ದವರು ಅವರು. ೧೯೩೩ರ ಮೇ ತಿಂಗಳಲ್ಲಿ ಕಚೇರಿಗೆ ಬಂದು ಕುಳಿತ ಎರಡು ಗಂಟೆಗಳೊಳಗೆ ೫೦ ಲಕ್ಷ ಡಾಲರುಗಳಿಗೂ ಮಿಗಿಲಾದ ನೆರವನ್ನು ಪ್ರಾಂತಗಳಿಗೆ ಮಂಜೂರು ಮಾಡಿದರು. ಕಾಲಕ್ರಮದಲ್ಲಿ ಎಲ್ಲವೂ ಸರಿಹೋಗುವುದೆಂದು ಹೇಳುವವರಿಗೆ ಅವರು ಕೊಡುತ್ತಿದ್ದ ಉತ್ತರದ ಸಾರಾಂಶ ಇಷ್ಟು: ಜನಕ್ಕೆ ಹಸಿವಾಗುವುದು ಕಾಲಕ್ರಮದಲ್ಲಲ್ಲ, ದಿನದಿನವೂ. ದೇಶದ ಸ್ಥಿತಿಯನ್ನು ಕಣ್ಣಾರೆ ಕಂಡು ಬರೆಯುವಂತೆ ಅವರು ಲೊರೀನಾ ಹಿಕಾಕ್ ಎಂಬ ಪತ್ರಿಕಾ ಲೇಖಕಿಯನ್ನು ಊರೂರಿಗೆ ಕಳುಹಿಸಿದರು. ಸಂಖ್ಯೆಗಳ ತಖ್ತೆಗಳಲ್ಲಿ ಕಾಣದ ಒಂದು ವಿಷಯ ಆಕೆಯ ವರದಿಗಳಲ್ಲಿ ಕಂಡಿತು. ನೆರವು ಬೇಡಿ ಬಂದವನು ತನ್ನ ಮನೆಯ ಗುಟ್ಟನ್ನೆಲ್ಲ ಅಧಿಕಾರಿಯ ಮುಂದೆ ತೋಡಿಕೊಂಡು, ತಾನು ದರಿದ್ರನೆಂದು ರುಜುವಾತು ಮಾಡಿಕೊಳ್ಳುವ ಆ ಗಳಿಗೆಯಲ್ಲಿ ಒಳಗೊಳಗೇ ಮುರಿದುಹೋಗುತ್ತಿದ್ದನು.

ಹಾಪ್ಕಿನ್ಸರು ಇದರಿಂದ ಒಂದು ತತ್ತ್ವವನ್ನು ತೆಗೆದರು: ದಾನಕ್ಕಿಂತ ದುಡಿಮೆಗೆ ಖರ್ಚು ಹೆಚ್ಚಾದರೂ ದುಡಿಮೆಯನ್ನೇ ಕೊಡಬೇಕು. ದಾನವು ದೇಹವನ್ನು ಉಳಿಸೀತು. ಕೆಲಸವು ದೇಹದೊಡನೆ ಮಾನವನ್ನೂ ಉಳಿಸುವುದು. ೧೯೩೩ರ ನವೆಂಬರಿನಲ್ಲಿ ಆರಂಭವಾದ ಒಂದು ತಾತ್ಕಾಲಿಕ ಯೋಜನೆಯು ಎರಡು ತಿಂಗಳೊಳಗೆ ೪೦ ಲಕ್ಷಕ್ಕೂ ಹೆಚ್ಚು ಜನಕ್ಕೆ ಕೂಲಿ ಕೊಟ್ಟಿತು. ಚಳಿಗಾಲ ಕಳೆದೊಡನೆ, ಖರ್ಚಿಗೆ ಅಂಜಿ, ಸರ್ಕಾರ ಅದನ್ನು ನಿಲ್ಲಿಸಿತು. ೧೯೩೫ರಲ್ಲಿ ಅದೇ ತತ್ತ್ವದ ಮೇಲೆ ಡಬ್ಲ್ಯು. ಪಿ. ಎ. ಎಂಬ ದೊಡ್ಡ ಇಲಾಖೆ ಹುಟ್ಟಿತು. ೧೯೪೩ರಲ್ಲಿ ಮುಚ್ಚುವವರೆಗೆ ಅದು ಸುಮಾರು ೮೫ ಲಕ್ಷ ಜನಕ್ಕೆ ಒಂದಲ್ಲ ಒಂದು ಕಾಲದಲ್ಲಿ ಕೆಲಸ ಕೊಟ್ಟು, ಸುಮಾರು ೬,೫೦,೦೦೦ ಮೈಲಿ ರಸ್ತೆಗಳನ್ನೂ ಸಾವಿರಾರು ಸೇತುವೆಗಳನ್ನೂ ಶಾಲೆಗಳನ್ನೂ ಆಸ್ಪತ್ರೆಗಳನ್ನೂ ಕಟ್ಟಿತು, ಇಲ್ಲವೇ ಸರಿಪಡಿಸಿತು. ನ್ಯೂಯಾರ್ಕಿನ ಲಾಗಾರ್ಡಿಯಾ ವಿಮಾನನಿಲ್ದಾಣವು ಹೀಗೆ ಎದ್ದುದು. ಕೆಲಸವಿಲ್ಲದ ಚಿತ್ರಕಾರರು, ನಟರು, ಲೇಖಕರು ಇವರೂ ಹಸಿದವರೇ ಎಂದು ಗಣಿಸಿ ಅವರಿಗೂ ಅವರವರ ಕಸುಬಿನ ಕೆಲಸವನ್ನೇ ಕೊಟ್ಟರು. ಲೇಖಕರ ಶಾಖೆಯವರು ೧೯೩೬ರಿಂದ ೧೯೩೮ರವರೆಗೆ, ಬಾಲ್ಯದಲ್ಲಿ ಗುಲಾಮರಾಗಿದ್ದು ಇನ್ನೂ ಬದುಕಿದ್ದ ಮುದುಕ ಮುದುಕಿಯರನ್ನು ಹುಡುಕಿ, ೨,೩೦೦ಕ್ಕೂ ಮಿಕ್ಕ ಆತ್ಮಕಥನಗಳನ್ನು ಬರೆದುಕೊಂಡರು. ಇನ್ನು ಹತ್ತು ವರ್ಷ ತಡವಾಗಿದ್ದರೆ ಆ ಕಂಠಗಳಲ್ಲಿ ಹೆಚ್ಚಿನವು ಮೌನವಾಗಿರುತ್ತಿದ್ದುವು.

ಯುವಕರಿಗಾಗಿ ಬೇರೊಂದು ಏರ್ಪಾಡು ಆಯಿತು. ಮದುವೆಯಾಗದ ಬಡ ಹುಡುಗರನ್ನು ಕಾಡುಗಳಿಗೂ ಬೆಟ್ಟಗಳಿಗೂ ಕಳುಹಿಸಿ, ಬಿಡಾರಗಳಲ್ಲಿಟ್ಟು, ಗಿಡ ನೆಡುವುದು, ಮಣ್ಣು ಕೊಚ್ಚಿಹೋಗದಂತೆ ಒಡ್ಡು ಹಾಕುವುದು, ಕಾಡ್ಗಿಚ್ಚನ್ನು ನಂದಿಸುವುದು ಮೊದಲಾದ ಕೆಲಸಗಳಲ್ಲಿ ತೊಡಗಿಸಿದರು. ಸಂಬಳ ತಿಂಗಳಿಗೆ ೩೦ ಡಾಲರು. ಅದರಲ್ಲಿ ಸುಮಾರು ೨೫ ಡಾಲರು ನೇರವಾಗಿ ಮನೆಗೆ ಹೋಗಬೇಕು. ಒಂಬತ್ತು ವರ್ಷಗಳಲ್ಲಿ ಇವರು ನೆಟ್ಟ ಗಿಡಗಳು ೨೦೦ ಕೋಟಿಗೂ ಮೇಲ್ಪಟ್ಟುವು. ಬಿಡಾರದ ರಾತ್ರಿಶಾಲೆಗಳಲ್ಲಿ ಓದುಬರಹ ಕಲಿತವರೇ ೪೦,೦೦೦ಕ್ಕಿಂತ ಹೆಚ್ಚು.

ಈ ಕಾರ್ಯಗಳನ್ನು ಹಳಿದವರು ಕಡಮೆಯಿರಲಿಲ್ಲ. ಸರ್ಕಾರವು ಜನರಿಂದ ತರಗೆಲೆ ಗುಡಿಸಿಸಿ ಕೂಲಿ ಕೊಡುತ್ತಿದೆಯೆಂದು ಪತ್ರಿಕೆಗಳು ನಕ್ಕುವು. ಕೆಲಸದ ಹೆಸರಿನಲ್ಲಿ ಓಟು ಕೊಳ್ಳುತ್ತಿದೆಯೆಂದು ವಿರೋಧಪಕ್ಷದವರು ಆಪಾದಿಸಿದರು. ಕೆಲವೆಡೆ ಅದು ನಿಜವೂ ಆಗಿತ್ತು. ಮನೆಗೆ ಒಬ್ಬರಿಗೆ ಮಾತ್ರ ಕೆಲಸವೆಂಬ ನಿಯಮದಿಂದ ಹೆಂಗಸರಿಗೆ ದೊರೆತ ಪಾಲು ಬಹಳ ಕಡಮೆ. ಕಾಡಿನ ಬಿಡಾರಗಳಲ್ಲಿ ೧೯೩೫ರಿಂದ ಕರಿಯರನ್ನು ಬೇರೆ ಇರಿಸಲಾಯಿತು. ಮಾನವನ್ನು ಉಳಿಸುವುದೇ ಗುರಿಯೆಂದು ಸಾರಿದ ಕಾರ್ಯದಲ್ಲಿ ಕೆಲವರ ಮಾನಕ್ಕೆ ಬೆಲೆ ಕಡಮೆಯಾಯಿತು.

ಪರಿಹಾರದಷ್ಟು ಸುಲಭವಾಗಿ ಚೇತರಿಕೆ ಕೈಗೂಡಲಿಲ್ಲ. ಬೆಳೆ ಹೆಚ್ಚಾದುದರಿಂದ ಬೆಲೆ ಬಿದ್ದಿದೆ, ಬೆಳೆಯನ್ನು ಕಡಮೆ ಮಾಡಿದರೆ ಬೆಲೆ ಏರುವುದು ಎಂಬ ಲೆಕ್ಕದಿಂದ, ಭೂಮಿಯನ್ನು ಬೀಳು ಬಿಡುವ ರೈತರಿಗೆ ಸರ್ಕಾರ ಹಣ ಕೊಟ್ಟಿತು. ಶಾಸನವಾಗುವ ಹೊತ್ತಿಗೆ ೧೯೩೩ರ ಹತ್ತಿ ಆಗಲೇ ಮೊಳೆತಿದ್ದುದರಿಂದ ಸುಮಾರು ಒಂದು ಕೋಟಿ ಎಕರೆ ಹತ್ತಿಯ ಬೆಳೆಯನ್ನು ಉತ್ತು ಮಣ್ಣುಗೂಡಿಸಿದರು. ಸುಮಾರು ೬೦ ಲಕ್ಷ ಹಂದಿಮರಿಗಳನ್ನು ಕೊಂದರು. ಜನ ಅರಿವೆಯಿಲ್ಲದೆ, ಅನ್ನವಿಲ್ಲದೆ ಇರುವಾಗ ಹತ್ತಿಯನ್ನೂ ಆಹಾರವನ್ನೂ ನಾಶಮಾಡುವ ಈ ದೃಶ್ಯವು ಅನೇಕರ ಮನಸ್ಸನ್ನು ನೋಯಿಸಿತು. ಬೆಲೆ ಏರಿದುದು ನಿಜ. ಆದರೆ ಹಣ ಹೋದುದು ಬಹುಮಟ್ಟಿಗೆ ಜಮೀನ್ದಾರರ ಕೈಗೆ. ದಕ್ಷಿಣದ ಪ್ರಾಂತಗಳಲ್ಲಿ ವಾರಕ್ಕೆ ಮಾಡುತ್ತಿದ್ದ ಬಡ ಒಕ್ಕಲುಗಳಿಗೆ ಅದರಲ್ಲಿ ಸಲ್ಲಬೇಕಾದ ಪಾಲು ಎಷ್ಟೋ ಕಡೆ ಸಲ್ಲಲಿಲ್ಲ. ಭೂಮಿ ಬೀಳು ಬಿದ್ದ ಮೇಲೆ ಒಕ್ಕಲು ಏತಕ್ಕೆಂದು ಜಮೀನ್ದಾರರು ಅವರನ್ನು ಎಬ್ಬಿಸಿದರು. ೧೯೩೪ರಲ್ಲಿ ಆರ್ಕನ್ಸಾ ಪ್ರಾಂತದಲ್ಲಿ ಕರಿಯರೂ ಬಿಳಿಯರೂ ಒಟ್ಟಿಗೆ ಕೂಡಿ ಒಕ್ಕಲುಗಳ ಸಂಘವೊಂದನ್ನು ಕಟ್ಟಿಕೊಂಡುದು ಈ ಅನ್ಯಾಯದ ಎದುರಿಗೆ. ಹೊಸ ಎಲೆಗಳನ್ನು ಹಂಚುವಾಗ ಅವರ ಕೈಯಲ್ಲಿದ್ದ ಹಳೆಯ ಎಲೆಯೂ ಹೋದಂತಾಗಿತ್ತು.

ಕೈಗಾರಿಕೆಗಳಲ್ಲಿ ಬೆಲೆ, ಕೂಲಿ, ದುಡಿಮೆಯ ಹೊತ್ತು ಇವನ್ನು ಆಯಾ ಉದ್ಯಮದವರೇ ಕೂಡಿ ಗೊತ್ತುಮಾಡಿಕೊಳ್ಳಬೇಕೆಂಬ ಯೋಜನೆಗೆ ನೀಲಿ ಗರುಡನ ಚಿಹ್ನೆಯನ್ನಿಟ್ಟು ದೊಡ್ಡ ಉತ್ಸವವನ್ನೇ ಮಾಡಿದರು. ದೊಡ್ಡ ಕಂಪೆನಿಗಳು ಕಟ್ಟಳೆಗಳನ್ನು ತಮಗೆ ಅನುಕೂಲವಾಗಿ ಬರೆದುಕೊಂಡುವು. ೧೯೩೫ರ ಮೇ ೨೭ರಂದು, ಬ್ರೂಕ್ಲಿನ್ನಿನ ಕೋಳಿ ವ್ಯಾಪಾರಿಗಳ ಮೊಕದ್ದಮೆಯೊಂದರಲ್ಲಿ, ವರಿಷ್ಠ ನ್ಯಾಯಸ್ಥಾನವು ಈ ಕಾಯಿದೆಯನ್ನು ರಾಜ್ಯಾಂಗಕ್ಕೆ ವಿರುದ್ಧವೆಂದು ಹೊಡೆದುಹಾಕಿತು; ೧೯೩೬ರ ಜನವರಿಯಲ್ಲಿ ಬೇಸಾಯದ ಕಾಯಿದೆಗೂ ಅದೇ ಗತಿಯಾಯಿತು.

ಟೆನೆಸಿ ನದಿಯ ಕಣಿವೆಯಲ್ಲಿ ನಡೆದ ಕಾರ್ಯವು ಇವಕ್ಕಿಂತ ಬೇರೆ ಬಗೆಯದು. ಆ ನದಿಯು ಏಳು ಪ್ರಾಂತಗಳಿಗೆ ಸಂಬಂಧಪಟ್ಟದ್ದು. ಮಳೆಗಾಲದಲ್ಲಿ ಪ್ರವಾಹ, ಸವೆದ ಮಣ್ಣು, ಮಲೇರಿಯಾ, ಕತ್ತಲೆ ಇವು ಅಲ್ಲಿಯ ಬಾಳು. ನದಿ, ನೆಲ, ಕಾಡು, ವಿದ್ಯುತ್ತು, ಆರೋಗ್ಯ ಇವನ್ನೆಲ್ಲ ಒಂದೇ ಅಧಿಕಾರದ ಕೆಳಗೆ ತಂದು ಕಣಿವೆಯನ್ನೇ ಒಂದು ಸಂಸಾರದಂತೆ ನೋಡಿಕೊಳ್ಳಬೇಕೆಂದು ೧೯೩೩ರ ಮೇ ತಿಂಗಳಲ್ಲಿ ಟೆನೆಸಿ ಕಣಿವೆಯ ಪ್ರಾಧಿಕಾರವನ್ನು ಸ್ಥಾಪಿಸಿದರು. ಮೊದಲನೆಯದಾದ ನಾರಿಸ್ ಅಣೆಕಟ್ಟು ೧೯೩೬ರಲ್ಲಿ ಮುಗಿಯಿತು. ೧೯೩೫ರಿಂದ ದೇಶದ ಹಳ್ಳಿಗಳಲ್ಲೆಲ್ಲ ರೈತರ ಸಹಕಾರ ಸಂಘಗಳಿಗೆ ಕಂತಿನ ಮೇಲೆ ಸಾಲ ಕೊಟ್ಟು ವಿದ್ಯುತ್ತಿನ ತಂತಿ ಎಳೆಸುವ ಏರ್ಪಾಡೂ ಆಯಿತು. ಆಗ ಹತ್ತು ಹೊಲಮನೆಗಳಲ್ಲಿ ಒಂದಕ್ಕೆ ಮಾತ್ರ ದೀಪವಿತ್ತು. ಇಪ್ಪತ್ತು ವರ್ಷಗಳೊಳಗೆ ಹತ್ತರಲ್ಲಿ ಒಂಬತ್ತಕ್ಕೆ ದೀಪ ಬಂದಿತು.

ಆದರೆ ನಾರಿಸ್ ಅಣೆಕಟ್ಟಿನ ನೀರಿಗಾಗಿ ಸುಮಾರು ೩,೦೦೦ ಕುಟುಂಬಗಳು ಮನೆ ಬಿಟ್ಟು ಹೋಗಬೇಕಾಯಿತು. ಐದು ಸಾವಿರಕ್ಕೂ ಹೆಚ್ಚು ಗೋರಿಗಳನ್ನು ಅಗೆದು ಬೇರೆಡೆಗೆ ಸಾಗಿಸಿದರು. ಭೂಮಿಯ ಒಡೆಯನಿಗೆ ಬೆಲೆ ಸಿಕ್ಕಿತು. ಗೇಣಿದಾರನಿಗೆ ಭೂಮಿಯೇ ಇಲ್ಲವಾದುದರಿಂದ ಬೆಲೆಯೂ ಇಲ್ಲವಾಯಿತು. ಕೆಲಸಗಾರರಿಗೆಂದು ಕಟ್ಟಿದ ನಾರಿಸ್ ಎಂಬ ಅಂದವಾದ ಊರಿನಲ್ಲಿ ಕರಿಯರಿಗೆ ವಾಸಕ್ಕೆ ಎಡೆಯಿರಲಿಲ್ಲ. ಈ ಕಣಿವೆಯ ಮಾದರಿ ನಮ್ಮ ದೇಶಕ್ಕೂ ಬಂದಿತು: ೧೯೪೩ರಲ್ಲಿ ಬಂಗಾಳದ ದಾಮೋದರ ನದಿಯಲ್ಲಿ ಭಾರಿ ಪ್ರವಾಹ ಬಂದ ಮೇಲೆ ಟೆನೆಸಿಯಲ್ಲಿ ಕೆಲಸ ಮಾಡಿದ ಎಂಜಿನಿಯರು ವೂರ್ಡುಯಿನ್ ಎಂಬವರನ್ನು ಕರೆಸಿ ಯೋಜನೆ ಬರೆಸಲಾಯಿತು, ೧೯೪೮ರಲ್ಲಿ ದಾಮೋದರ ಕಣಿವೆಯ ಕಾರ್ಪೊರೇಷನ್ ಹುಟ್ಟಿತು. ಅಣೆಕಟ್ಟು ಕಟ್ಟುವ ವಿದ್ಯೆಯೊಡನೆ, ನೀರಿನಲ್ಲಿ ಮನೆ ಮುಳುಗಿದವರಿಗೆ ಏನು ಉತ್ತರ ಹೇಳಬೇಕೆಂಬ ಪ್ರಶ್ನೆಯೂ ಇಲ್ಲಿಗೆ ಬಂದಿತು.

ಸುಧಾರಣೆಯ ಪ್ರಕರಣದಲ್ಲಿ ನೆನೆಯಬೇಕಾದ ಹೆಸರು ಫ್ರಾನ್ಸಿಸ್ ಪರ್ಕಿನ್ಸ್ ಅವರದು. ಅಮೆರಿಕದ ಮಂತ್ರಿಮಂಡಲದಲ್ಲಿ ಸ್ಥಾನ ಪಡೆದ ಮೊದಲನೆಯ ಮಹಿಳೆ ಈಕೆ. ಕಾರ್ಮಿಕ ಇಲಾಖೆ ಈಕೆಯ ಪಾಲಿಗೆ ಬಂದಿತು. ೧೯೧೧ರಲ್ಲಿ ನ್ಯೂಯಾರ್ಕಿನ ಒಂದು ಉಡುಪಿನ ಕಾರ್ಖಾನೆಗೆ ಬೆಂಕಿ ಬಿದ್ದು ೧೪೬ ಮಂದಿ ಸತ್ತುದನ್ನು ಆಕೆ ಕಣ್ಣಾರೆ ಕಂಡಿದ್ದರು. ದುಡಿಯುವವರ ಪ್ರಾಣವನ್ನು ಒಡೆಯರ ದಯೆಗೆ ಬಿಡಬಾರದೆಂಬ ನಿಶ್ಚಯ ಆ ದೃಶ್ಯದಿಂದ ದೃಢವಾಯಿತು. ೧೯೩೫ರ ಆಗಸ್ಟ್ ೧೪ರಂದು ಅಂಗೀಕೃತವಾದ ಸಾಮಾಜಿಕ ಭದ್ರತೆಯ ಶಾಸನವು ಆಕೆಯ ಪರಿಶ್ರಮದ ಫಲ. ದುಡಿಯುವಾಗ ಕೂಲಿಗಾರನೂ ಒಡೆಯನೂ ಕೂಲಿಯಲ್ಲಿ ನೂರಕ್ಕೆ ಒಂದರಂತೆ ಕಟ್ಟಬೇಕು. ೬೫ ವರ್ಷವಾದ ಮೇಲೆ ತಿಂಗಳು ತಿಂಗಳೂ ವಿಶ್ರಾಂತಿವೇತನ ಬರುವುದು. ಇದರೊಡನೆ ನಿರುದ್ಯೋಗದ ವಿಮೆಯೂ ದಿಕ್ಕಿಲ್ಲದ ಮಕ್ಕಳಿಗೆ ನೆರವೂ ಸೇರಿದುವು. ಅದೇ ವರ್ಷ ಸಂಘ ಕಟ್ಟಿಕೊಂಡು ಒಡೆಯನೊಡನೆ ಒಟ್ಟಾಗಿ ಮಾತನಾಡುವ ಹಕ್ಕನ್ನು ಕಾರ್ಮಿಕರಿಗೆ ಇನ್ನೊಂದು ಕಾಯಿದೆ ಕೊಟ್ಟಿತು. ೧೯೩೮ರಲ್ಲಿ ಗಂಟೆಗೆ ೨೫ ಸೆಂಟಿನ ಕನಿಷ್ಠ ಕೂಲಿ ಗೊತ್ತಾಯಿತು.

ಮುದುಕನಿಗೆ ಬರುವ ವಿಶ್ರಾಂತಿವೇತನವು ಭಿಕ್ಷವಲ್ಲ. ಅವನು ಕಟ್ಟಿದ ಹಣದಿಂದ ಹುಟ್ಟಿದ ಹಕ್ಕು. ಆದುದರಿಂದ ಅಧಿಕಾರಿಯ ಮುಂದೆ ಬಡತನವನ್ನು ರುಜುವಾತು ಮಾಡಬೇಕಾದ ನಾಚಿಕೆ ಅವನಿಗಿಲ್ಲ. ಹಾಪ್ಕಿನ್ಸರು ಕೂಲಿಯ ಮೂಲಕ ಉಳಿಸಲು ಹೊರಟ ಮಾನವನ್ನು ಪರ್ಕಿನ್ಸರು ಶಾಸನದ ಮೂಲಕ ಉಳಿಸಿದರು. ಆದರೆ ಈ ಶಾಸನದ ಬಾಗಿಲು ಎಲ್ಲರಿಗೂ ತೆರೆಯಲಿಲ್ಲ. ಹೊಲದ ಕೂಲಿಗಳನ್ನೂ ಮನೆಗೆಲಸದವರನ್ನೂ ಅದರಿಂದ ಹೊರಗಿಟ್ಟರು. ೧೯೩೮ರ ಕೂಲಿಯ ಕಾಯಿದೆಯಲ್ಲಿಯೂ ಹಾಗೆಯೇ. ದಕ್ಷಿಣದ ಕರಿಯರಲ್ಲಿ ಬಹುಪಾಲು ಜನ ಮಾಡುತ್ತಿದ್ದುದು ಈ ಎರಡು ಕೆಲಸಗಳನ್ನೇ. ತೆರಿಗೆ ವಸೂಲಿನ ಕಷ್ಟವನ್ನು ಒಂದು ಕಾರಣವಾಗಿ ಹೇಳಿದರು. ಕೂಲಿಯವರು ಸ್ವತಂತ್ರರಾಗುವುದು ದಕ್ಷಿಣದ ಜಮೀನ್ದಾರರಿಗೆ ಬೇಕಿರಲಿಲ್ಲವೆಂಬುದೂ, ಅವರ ಪ್ರತಿನಿಧಿಗಳ ಓಟಿಲ್ಲದೆ ಯಾವ ಶಾಸನವೂ ಆಗುವಂತಿರಲಿಲ್ಲವೆಂಬುದೂ ಚರಿತ್ರಕಾರರಲ್ಲಿ ಅನೇಕರು ಹೇಳುವ ಮಾತು. ಹೊರಗೆ ಉಳಿದವರಿಗೆ ಬಾಗಿಲು ತೆರೆಯುವುದಕ್ಕೆ ೧೯೫೦ರಿಂದೀಚೆಗೆ ಆದ ತಿದ್ದುಪಡಿಗಳು ಬೇಕಾದುವು. ಅಷ್ಟರಲ್ಲಿ ಒಂದು ತಲೆಮಾರು ಮುದಿಯಾಗಿತ್ತು.

ಇಷ್ಟೆಲ್ಲ ಮಾಡಿ ಮುಗ್ಗಟ್ಟು ಹೋಯಿತೆ? ಪೂರ್ತಿ ಹೋಗಲಿಲ್ಲ. ೧೯೩೭ರ ಹೊತ್ತಿಗೆ ಸ್ಥಿತಿ ಸುಧಾರಿಸಿತೆಂದು ಕಂಡೊಡನೆ ಆಯವ್ಯಯವನ್ನು ಸರಿದೂಗಿಸುವ ಆಶೆಯಿಂದ ಸರ್ಕಾರ ಖರ್ಚನ್ನು ಕಡಿಯಿತು; ಅದೇ ಕಾಲದಲ್ಲಿ ಬ್ಯಾಂಕುಗಳು ಕೈಯಲ್ಲಿಟ್ಟುಕೊಳ್ಳಬೇಕಾದ ಹಣದ ಪ್ರಮಾಣವನ್ನೂ ಹೆಚ್ಚಿಸಲಾಯಿತು. ೧೯೩೮ರಲ್ಲಿ ನಿರುದ್ಯೋಗವು ಮತ್ತೆ ಸುಮಾರು ನೂರಕ್ಕೆ ೧೯ಕ್ಕೆ ಏರಿತು. ಜ್ವರ ಇಳಿಯಿತೆಂದು ಔಷಧವನ್ನು ಅರ್ಧಕ್ಕೆ ನಿಲ್ಲಿಸಿದ ರೋಗಿಯ ಹಾಗಾಯಿತು. ೧೯೪೦ರಲ್ಲಿಯೂ ಸುಮಾರು ೮೦ ಲಕ್ಷ ಜನ ನಿರುದ್ಯೋಗಿಗಳ ಲೆಕ್ಕದಲ್ಲಿದ್ದರು. ಪರಿಹಾರದ ಕೆಲಸದಲ್ಲಿದ್ದವರನ್ನೂ ಈ ಲೆಕ್ಕದಲ್ಲಿ ಸೇರಿಸುವುದು ವಾಡಿಕೆಯೆಂಬುದನ್ನು ಮರೆಯಬಾರದು. ಕೊನೆಗೆ ಎಲ್ಲರಿಗೂ ಕೆಲಸ ಕೊಟ್ಟುದು ಯುದ್ಧದ ಸನ್ನಾಹ. ಶಾಂತಿಯಲ್ಲಿ ಮಾಡಲಂಜಿದಷ್ಟು ಖರ್ಚನ್ನು ಯುದ್ಧದಲ್ಲಿ ಅಂಜದೆ ಮಾಡಿದರು.

ಹೊಸ ಹಂಚಿಕೆಯಲ್ಲಿ ಪರಿಹಾರದ ಇಲಾಖೆಗಳು ಹತ್ತು ವರ್ಷಗಳಲ್ಲಿ ಮುಚ್ಚಿದುವು. ಚೇತರಿಕೆಯ ಯೋಜನೆಗಳಲ್ಲಿ ದೊಡ್ಡವು ನ್ಯಾಯಸ್ಥಾನದಲ್ಲಿ ಬಿದ್ದುಹೋದುವು. ಉಳಿದುದು ಸುಧಾರಣೆ. ಬ್ಯಾಂಕು ವಿಮೆ ನಿಂತಿದೆ. ಸಾಮಾಜಿಕ ಭದ್ರತೆಯ ನಿಧಿಯಿಂದ ಇಂದು ಆರು ಕೋಟಿಗೂ ಮಿಕ್ಕ ಜನಕ್ಕೆ ತಿಂಗಳು ತಿಂಗಳೂ ಹಣ ಸಲ್ಲುತ್ತಿದೆ. ಇವೆಲ್ಲಕ್ಕೂ ಬುಡದಲ್ಲಿರುವುದು ಒಂದು ಅಭಿಪ್ರಾಯದ ಬದಲಾವಣೆ: ಕೆಲಸ ಹೋದುದು ಎಲ್ಲ ಸಲವೂ ಕೆಲಸ ಕಳೆದುಕೊಂಡವನ ತಪ್ಪಲ್ಲ, ಆ ಕಷ್ಟದಲ್ಲಿ ಅವನ ಜೊತೆಗೆ ನಿಲ್ಲುವುದು ಸರ್ಕಾರದ ಔದಾರ್ಯವಲ್ಲ, ಕರ್ತವ್ಯ. ಈ ಕರ್ತವ್ಯವನ್ನು ಹೊತ್ತ ಸರ್ಕಾರ ಯಾವ ದೇಶದ್ದೇ ಆಗಲಿ, ಅದು ಹೊರಡಿಸಿದ ಕಾರ್ಯಕ್ರಮಗಳನ್ನು ತೂಗುವಾಗ, ಎಷ್ಟು ಕೋಟಿ ಖರ್ಚಾಯಿತೆಂದು ಕೇಳುವುದರ ಜೊತೆಗೆ ಇನ್ನೊಂದು ಮಾತನ್ನೂ ನಾವು ಕೇಳಬೇಕು: ಶಾಸನದ ಯಾವ ಕಲಮಿನಲ್ಲಿ, ಯಾವ ಸಣ್ಣ ಅಕ್ಷರದ ಸಾಲಿನಲ್ಲಿ, ಯಾರನ್ನು ಹೊರಗೆ ನಿಲ್ಲಿಸಿದೆ? ಹೊಲದ ಕೂಲಿಗೂ ಮನೆಗೆಲಸದ ಹೆಂಗಸಿಗೂ ಹಂಚಿಕೆಯಲ್ಲಿ ಎಲೆ ಬಿದ್ದಿದೆಯೆ ಎಂದು ನೋಡಿದ ಮೇಲೆಯೇ ಲೆಕ್ಕ ಮುಗಿಸುವುದು ಸರಿ.